ಕಾರಿನ ಎಂಜಿನ್ ಇಳಿಸಲು ಕ್ರೇನ್, ಚೈನ್ ಬ್ಲಾಕ್, ಸ್ಟ್ಯಾಂಡ್: ಯಾವುದನ್ನು ಹೇಗೆ ಆರಿಸಬೇಕು, ಯಾವ ಕ್ರಮದಲ್ಲಿ ಬಳಸಬೇಕು

ಗ್ಯಾರೇಜಿನ ಮಾತಿನಲ್ಲಿ ‘ಎಂಜಿನ್ ಇಳಿಸಬೇಕು’ ಅಂತಲೇ ಹೇಳುವುದು. ಆದರೆ ಬಹಳಷ್ಟು ಗಾಡಿಗಳಲ್ಲಿ ಅದನ್ನು ಬಾನೆಟ್ ಕಡೆಯಿಂದ ಮೇಲಕ್ಕೆ ಎತ್ತಬೇಕು, ಕೆಲವದರಲ್ಲಿ ಮಾತ್ರ ನಿಜವಾಗಿ ಕೆಳಕ್ಕೆ ಇಳಿಸಬೇಕು. ಇದನ್ನು ತಿಳಿಯುವ ಮೊದಲೇ ‘ಎರಡು ಟನ್ ಕ್ರೇನ್ ಇದ್ದರೆ ಸಾಕಲ್ಲ’ ಎಂದು ತಂದಿಟ್ಟುಕೊಂಡವರು ಅರ್ಧದಾರಿಯಲ್ಲಿ ಸಿಕ್ಕಿಕೊಳ್ಳುತ್ತಾರೆ. ಎಂಜಿನ್ ಗಾಳಿಯಲ್ಲಿ ತೂಗಾಡುತ್ತಿದೆ, ಸಂಪ್ (ಎಂಜಿನ್ನಿನ ತಳದ ಎಣ್ಣೆ ತೊಟ್ಟಿ) ಮುಂದಿನ ಅಡ್ಡಪಟ್ಟಿ ದಾಟಲು ಇನ್ನೂ ಎರಡು ಇಂಚು ಬೇಕು, ಕ್ರೇನಿನ ಕೈ ಮಾತ್ರ ಮೇಲೇಳುತ್ತಿಲ್ಲ. ಆಗ ಶುರುವಾಗುವ ಎಳೆದಾಟದಲ್ಲೇ ಕೈಬೆರಳು ಜಜ್ಜಿಹೋಗುವುದು.

ಆದ್ದರಿಂದ ಮೊದಲು ಎಂಜಿನ್ ಹೊರಬರುವ ದಾರಿ, ಆಮೇಲೆ ಎತ್ತರ, ಆಮೇಲೆ ಚಾಚು, ಅಂದರೆ ಕ್ರೇನಿನ ಕೈ ಮುಂದಕ್ಕೆ ಎಷ್ಟು ದೂರ ಮುಟ್ಟಬೇಕು ಎಂಬುದು. ಟನ್ನಿನ ಲೆಕ್ಕ ಕೊನೆಗೆ. ಮನೆಯ ಶೆಡ್ಡಿನಲ್ಲಿ ಅಥವಾ ಲಿಫ್ಟ್ ಇಲ್ಲದ ಸಣ್ಣ ಗ್ಯಾರೇಜಿನಲ್ಲಿ ಕೆಲಸ ಮಾಡುವವರಿಗಾಗಿ ಈ ಕ್ರಮ.

ಬೇಕಾಗುವ ಸಾಮಾನು: ಎಂಜಿನ್ ಕ್ರೇನ್ ಅಥವಾ ಚೈನ್ ಬ್ಲಾಕ್ (ಸೂರಿಗೆ ತೂಗುಹಾಕಿ, ಚೈನು ಎಳೆದು ಭಾರ ಎತ್ತುವ ರಾಟೆ), ಲೋಡ್ ಲೆವೆಲರ್ (ತೂಗುವ ಎಂಜಿನ್ನನ್ನು ಬೇಕಾದಂತೆ ಓರೆ ಮಾಡುವ ಸಾಧನ), ಚೈನು ಮತ್ತು ಶ್ಯಾಕಲ್‌ಗಳು (ಪಿನ್ ಹಾಕಿ ಮುಚ್ಚುವ U ಆಕಾರದ ಕೊಂಡಿ), 2ರಿಂದ 3 ಟನ್ನಿನ ಟ್ರಾಲಿ ಜ್ಯಾಕ್, ಒಂದೇ ಮಾದರಿಯ ಎರಡು ಜ್ಯಾಕ್ ಸ್ಟ್ಯಾಂಡ್, ಎಂಜಿನ್ ಸ್ಟ್ಯಾಂಡ್, ಅದಕ್ಕೆ ಸರಿಯಾದ ಬೋಲ್ಟು, ವ್ಹೀಲ್ ಚೋಕ್ (ಚಕ್ರ ಉರುಳದಂತೆ ಕೊಡುವ ಅಡೆ), 18 ಮಿಮೀ ಪ್ಲೈವುಡ್ ಹಲಗೆಗಳು, ಮರದ ತುಂಡುಗಳು, ಅಳತೆ ಟೇಪು.

ಹಂತ 1: ಎಂಜಿನ್ ಯಾವ ಕಡೆಯಿಂದ ಹೊರಬರುತ್ತದೆ?

ಗಾಡಿಯ ಸರ್ವಿಸ್ ಮ್ಯಾನ್ಯುವಲ್ ತೆಗೆದು ‘ಎಂಜಿನ್ ರಿಮೂವಲ್’ ಪುಟ ಓದಿ. ಮೂರು ಪ್ರಶ್ನೆಗೆ ಉತ್ತರ ಬೇಕು: ಮೇಲಕ್ಕೋ ಕೆಳಕ್ಕೋ, ಗೇರ್‌ಬಾಕ್ಸ್ ಸಮೇತವೋ ಬಿಡಿಯಾಗಿಯೋ, ಎತ್ತುವ ಕೊಂಡಿಗಳು ಎಲ್ಲಿವೆ.

ಅಂಬಾಸಡರ್, ಸುಮೊ, ಹಳೆಯ ಬೊಲೆರೊದಂಥ ಗಾಡಿಗಳಲ್ಲಿ ಎಂಜಿನ್ ಉದ್ದಕ್ಕೆ ಕೂತಿರುತ್ತದೆ, ಮೇಲಿನಿಂದ ಬರುತ್ತದೆ. ಗೇರ್‌ಬಾಕ್ಸ್ ಸಮೇತ ತೆಗೆದರೆ ಬಾಲ ಕೆಳಗೆ, ಮೂತಿ ಮೇಲೆ ಮಾಡಿ ಓರೆಯಾಗಿ ಎಳೆಯಬೇಕು. ಅಡ್ಡಕ್ಕೆ ಕೂತ ಫ್ರಂಟ್ ವ್ಹೀಲ್ ಡ್ರೈವ್ ಗಾಡಿಗಳಲ್ಲಿ ಎರಡೂ ಬಗೆ ಇದೆ: ಕೆಲವು ಮೇಲಕ್ಕೆ ಬರುತ್ತವೆ, ಕೆಲವು ಸಬ್‌ಫ್ರೇಮ್ (ಎಂಜಿನ್ ಕೂರುವ ಕೆಳಗಿನ ಚೌಕಟ್ಟು) ಸಮೇತ ಕೆಳಕ್ಕೆ. ಸೀಟಿನಡಿ ಎಂಜಿನ್ ಇರುವ ಓಮ್ನಿಯಲ್ಲಿ ಕೆಳಗಿನ ದಾರಿಯೇ ಗತಿ.

ಸಬ್‌ಫ್ರೇಮ್ ಸಮೇತ ಕೆಳಗೆ ಬರುವ ಗಾಡಿಯಾದರೆ ಇಲ್ಲೇ ನಿಲ್ಲಿ. ಎಂಜಿನ್ ನೆಲಕ್ಕಿಳಿದ ಮೇಲೆ ಅದರ ಎತ್ತರ, ಕೆಳಗಿನ ಟ್ರಾಲಿ ಸೇರಿ, ಸುಲಭವಾಗಿ 70 ಸೆಂಮೀ ದಾಟುತ್ತದೆ. ಬಂಪರ್ ಅಷ್ಟು ಮೇಲೇಳಬೇಕಾದರೆ ಬಾಡಿಯನ್ನು ಜ್ಯಾಕ್ ಸ್ಟ್ಯಾಂಡಿನ ತುತ್ತತುದಿಗೆ ಏರಿಸಬೇಕು. ಆ ಎತ್ತರದಲ್ಲಿ ಸ್ಟ್ಯಾಂಡಿನ ಬುಡ ಕಿರಿದಾಯಿತು, ಅಡ್ಡ ತಳ್ಳಿದರೆ ಮಗುಚುತ್ತದೆ. ಈ ಕೆಲಸಕ್ಕೆ ಎರಡು ಕಂಬದ ಲಿಫ್ಟ್ ಇರುವ ಗ್ಯಾರೇಜಿನಲ್ಲಿ ಒಂದು ದಿನಕ್ಕೆ ಜಾಗ ಕೇಳಿ. ನಿಮಗೆ ಮುಖ್ಯವಾಗಿ ಬೇಕಾದದ್ದು ಕೊನೆಯ ಎಂಜಿನ್ ಸ್ಟ್ಯಾಂಡಿನ ಹಂತ.

ಹಂತ 2: ಕ್ರೇನೋ, ಚೈನ್ ಬ್ಲಾಕೋ? ನೆಲ, ಸೂರು ನೋಡಿ ತೀರ್ಮಾನಿಸಿ

ಎರಡಕ್ಕೂ ಇರುವ ಮುಖ್ಯ ವ್ಯತ್ಯಾಸವನ್ನು ಬಹಳ ಜನ ಗಮನಿಸುವುದಿಲ್ಲ. ಕ್ರೇನ್ ಬಳಸಿದರೆ ಎಂಜಿನ್ ಹಿಡಿದುಕೊಂಡು ಕ್ರೇನೇ ಹಿಂದಕ್ಕೆ ಸರಿಯುತ್ತದೆ, ಗಾಡಿ ನಿಂತಲ್ಲೇ ಇರುತ್ತದೆ. ಚೈನ್ ಬ್ಲಾಕ್ ಒಂದೇ ಕಡೆ ತೂಗುಬಿದ್ದಿದ್ದರೆ ಎಂಜಿನ್ ಅಲ್ಲೇ ಇರುತ್ತದೆ, ಗಾಡಿಯನ್ನು ಅದರ ಅಡಿಯಿಂದ ತಳ್ಳಿಕೊಂಡು ಹೋಗಬೇಕು. ಅಂದರೆ ಆ ಹೊತ್ತಿಗೆ ನಾಲ್ಕೂ ಚಕ್ರ ನೆಲದ ಮೇಲಿರಬೇಕು, ಹಿಂದೆ ಒಂದು ಗಾಡಿಯಷ್ಟು ಜಾಗ ಖಾಲಿ ಇರಬೇಕು. ಡ್ರೈವ್ ಶಾಫ್ಟ್ ಬಿಚ್ಚಿ ಮುಂದಿನ ಹಬ್ ತೂಗುಬಿಟ್ಟ ಮೇಲೆ ಇದು ನೆನಪಾದರೆ ಪ್ರಯೋಜನವಿಲ್ಲ.

ನೆಲ ಗಟ್ಟಿ ಸಿಮೆಂಟಾಗಿದ್ದರೆ ಕ್ರೇನ್ ಸರಿ. ಮಣ್ಣು, ಜಲ್ಲಿ, ಇಂಟರ್‌ಲಾಕ್ ಕಲ್ಲು ಆಗಿದ್ದರೆ ಅದರ ಸಣ್ಣ ಉಕ್ಕಿನ ಚಕ್ರಗಳು ಹೂತುಕೊಳ್ಳುತ್ತವೆ. ಒಂದು ಚಕ್ರ ತಡೆದು ನಿಂತಾಗ ತೂಗುತ್ತಿರುವ ಎಂಜಿನ್ ಮುಂದಕ್ಕೆ ಜೀಕುತ್ತದೆ, ಕ್ರೇನ್ ಮಗುಚುವುದು ಹಾಗೆ. ಅನಿವಾರ್ಯವಾದರೆ ಹೋಗಬೇಕಾದ ದಾರಿಯುದ್ದಕ್ಕೂ ಪ್ಲೈವುಡ್ ಹಾಸಿ, ಹಲಗೆಗಳ ಸಂದನ್ನು ಮುಚ್ಚಿ.

ಚೈನ್ ಬ್ಲಾಕಿಗೆ ಸೂರು ಬೇಕು. ಫ್ಯಾನ್ ಕೊಕ್ಕೆ, ಮರದ ಜಂತೆ, ಶೀಟಿನ ಟ್ರಸ್ಸು, ಮಾವಿನ ಕೊಂಬೆ ಯಾವುದೂ ಆಗದು. ಟ್ರಸ್ಸು ಶೀಟಿನ ಭಾರಕ್ಕೂ ಗಾಳಿಗೂ ಲೆಕ್ಕ ಹಾಕಿ ಕಟ್ಟಿದ್ದು, ನಡುವೆ ಒಂದೇ ಕಡೆ 300 ಕೆಜಿ ಜಗ್ಗಿದರೆ ಅದರ ಪಟ್ಟಿ ಸೊಟ್ಟಗಾಗುತ್ತದೆ. ಬೇಕಾದದ್ದು ಸ್ಟ್ರಕ್ಚರಲ್ ಎಂಜಿನಿಯರ್ ಲೆಕ್ಕ ಕೊಟ್ಟ ಐ-ಬೀಮು ಅಥವಾ ತನ್ನ ಕಾಲ ಮೇಲೆ ತಾನೇ ನಿಲ್ಲುವ ಗ್ಯಾಂಟ್ರಿ. ವೆಲ್ಡಿಂಗ್ ಅಂಗಡಿಯವರು ‘ಇದು ತಡೆಯುತ್ತೆ ಬಿಡಿ’ ಅಂದದ್ದು ಲೆಕ್ಕವಲ್ಲ. ಮುಕ್ಕಾಲಿ ತರುವವರು ಕಾಲುಗಳನ್ನು ಕಾರಿನ ಅಗಲ ದಾಟಿಸಿ ನಿಲ್ಲಿಸಬೇಕಾಗುತ್ತದೆ. ಅಷ್ಟು ಅಗಲಿಸಿದಾಗ ಕಾಲು ಜಾರದಂತೆ ಮೂರನ್ನೂ ಬುಡದಲ್ಲಿ ಚೈನಿನಿಂದ ಬಿಗಿಯದಿದ್ದರೆ ನುಣುಪು ನೆಲದಲ್ಲಿ ಮುಕ್ಕಾಲಿ ಚಪ್ಪಟೆಯಾಗುತ್ತದೆ.

ಸರಿಯಾದ ಸೂರು ಇದ್ದವರಿಗೆ ಚೈನ್ ಬ್ಲಾಕೇ ಒಳ್ಳೆಯದು. ಸೆಂಟಿಮೀಟರ್ ಲೆಕ್ಕದಲ್ಲಿ ಏರಿಳಿಸಬಹುದು, ಕೈ ಬಿಟ್ಟರೆ ಅದರ ಬ್ರೇಕು ಭಾರದಿಂದಲೇ ಬಿಗಿಯಾಗಿ ನಿಲ್ಲುತ್ತದೆ. ಭಾರತೀಯ ಮಾನಕ ಐಎಸ್ 3832 ಗುರುತು, ಸಾಮರ್ಥ್ಯದ ಫಲಕ, ಸೀರಿಯಲ್ ನಂಬರ್, ಪರೀಕ್ಷಾ ಪತ್ರ ಇರುವುದನ್ನೇ ಕೊಳ್ಳಿ. ಹಳೆಯದಾದರೆ ಕೊಕ್ಕೆಯ ಬಾಯಿ ಅಗಲಿದೆಯೇ, ಬಾಯಿಗೆ ಅಡ್ಡ ಬರುವ ಲ್ಯಾಚು ಸ್ಪ್ರಿಂಗಿನಿಂದ ತಾನೇ ಮುಚ್ಚುತ್ತದೆಯೇ ನೋಡಿ. ‘ಶಬ್ದ ಬರುತ್ತೆ’ ಎಂದು ಬ್ಲಾಕಿನೊಳಗೆ ಎಣ್ಣೆ ಸುರಿಯಬೇಡಿ. ಬ್ರೇಕಿನ ತಟ್ಟೆಗಳು ಒಣಗಿದ್ದರೆ ಮಾತ್ರ ಹಿಡಿಯುತ್ತವೆ.

ಹಂತ 3: ಕ್ರೇನ್ ಕೊಳ್ಳುವ ಮೊದಲು ನಾಲ್ಕು ಅಳತೆ

ಟೇಪು ಹಿಡಿದು ಗಾಡಿಯ ಮುಂದೆ ನಿಲ್ಲಿ.

ಎತ್ತರ. ರೇಡಿಯೇಟರ್ ಮೇಲಿನ ಅಡ್ಡಪಟ್ಟಿ ನೆಲದಿಂದ ಎಷ್ಟಿದೆ? 75 ಸೆಂಮೀ ಅನ್ನಿ. ಸಂಪಿನ ತಳದಿಂದ ಎತ್ತುವ ಕೊಂಡಿಯವರೆಗೆ 60. ಲೆವೆಲರ್ ಮತ್ತು ಚೈನು ಸೇರಿ 40. ದಾಟುವಾಗ ಕೆಳಗೆ 5 ಸೆಂಮೀ ಬಿಡುವು. ಒಟ್ಟು 180 ಸೆಂಮೀ. ಕ್ರೇನಿನ ಕೊಕ್ಕೆ ಇಷ್ಟು ಎತ್ತರ ಮುಟ್ಟಲೇಬೇಕು. ಗಾಡಿಯ ಮುಂಭಾಗ ಸ್ಟ್ಯಾಂಡಿನ ಮೇಲೆ 20 ಸೆಂಮೀ ಎದ್ದಿದ್ದರೆ ಬೇಕಾದದ್ದು 200. ಸೋಲುವವರಲ್ಲಿ ಹೆಚ್ಚಿನವರು ಈ 20 ಸೆಂಮೀಯಲ್ಲೇ ಸೋಲುವುದು. ಕೆಳಗಿನ ಕೆಲಸ ಮುಗಿಸಿ ಗಾಡಿಯನ್ನು ಚಕ್ರದ ಮೇಲೆ ಇಳಿಸಿದ ನಂತರವೇ ಎಂಜಿನ್ ಎತ್ತಿದರೆ ಅಷ್ಟೂ ಎತ್ತರ ಪುಕ್ಕಟೆಯಾಗಿ ಸಿಗುತ್ತದೆ.

ಚಾಚು. ಬಂಪರಿನ ತುದಿಯಿಂದ ಎಂಜಿನ್ನಿನ ನಡುವಿಗೆ ಎಷ್ಟು ದೂರ? ಅಡ್ಡ ಎಂಜಿನ್ನಿಗೆ 70ರಿಂದ 80 ಸೆಂಮೀ, ಗೇರ್‌ಬಾಕ್ಸ್ ಕೂಡಿದ ಉದ್ದ ಎಂಜಿನ್ನಿಗೆ ಒಂದು ಮೀಟರ್ ದಾಟಬಹುದು. ಬಂಪರ್ ಕಳಚಿಟ್ಟರೆ ಒಂದು ಗೇಣು ಉಳಿಯುತ್ತದೆ, ಕಳಚಿಡಿ. ಕೈಯನ್ನು ಎಷ್ಟು ಚಾಚಿದರೂ ಕೊಕ್ಕೆಯಿಂದ ಬಿಟ್ಟ ತೂಗುಗುಂಡು ಕ್ರೇನಿನ ಕಾಲುಗಳ ಮುಂದಿನ ಚಕ್ರಗಳಿಗಿಂತ ಒಳಗೇ ಬೀಳಬೇಕು. ಹೊರಗೆ ಬಿದ್ದರೆ ಆ ಕ್ರೇನ್ ನಿಮ್ಮ ಗಾಡಿಗೆ ಅಲ್ಲ.

ಕಾಲಿನ ಎತ್ತರ. ಕ್ರೇನಿನ ಕಾಲು ಗಾಡಿಯಡಿ ತೂರಬೇಕು. ಕಾಲಿನ ಅತಿ ಎತ್ತರದ ಭಾಗವನ್ನು ಅಳೆಯಿರಿ, ಸಾಮಾನ್ಯವಾಗಿ ಅದು ಚಕ್ರದ ಬ್ರಾಕೆಟ್ಟಿನ ಹತ್ತಿರ ಇರುತ್ತದೆ. ಅದನ್ನು ಕ್ರಾಸ್‌ಮೆಂಬರಿನ (ಗಾಡಿಯಡಿಯ ಅಡ್ಡತೊಲೆಯ) ಅಡಿಯ ಸಂದಿಗೆ ಹೋಲಿಸಿ. ತೂರದಿದ್ದರೆ ಮುಂದಿನ ಎರಡು ಚಕ್ರದಡಿ ದಪ್ಪ ಹಲಗೆ ಕೊಟ್ಟು ಗಾಡಿಯನ್ನು ಬೇಕಾದಷ್ಟೇ ಏರಿಸಿ.

ತೂಕ. ಈಗ ಬರಲಿ ಟನ್ನು. ಗೇರ್‌ಬಾಕ್ಸ್ ಸಮೇತ ಸಣ್ಣ ಮೂರು ಸಿಲಿಂಡರ್ ಪೆಟ್ರೋಲ್ ಎಂಜಿನ್ ಅಂದಾಜು 100ರಿಂದ 130 ಕೆಜಿ, 1.2 ಲೀಟರ್ ನಾಲ್ಕು ಸಿಲಿಂಡರ್ ಪೆಟ್ರೋಲ್ 120ರಿಂದ 150, 1.3 ಲೀಟರ್ ಡೀಸೆಲ್ 180ರಿಂದ 200, ಎರಡೂವರೆ ಲೀಟರ್ ಬೀಡುಕಬ್ಬಿಣದ ಡೀಸೆಲ್ 300ರ ಆಸುಪಾಸು.

‘2 ಟನ್’ ಎಂದು ಬರೆದ ಮಡಚುವ ಕ್ರೇನಿನ ಕೈಯಲ್ಲಿ ನಾಲ್ಕು ರಂಧ್ರ ಇರುತ್ತವೆ. ಪಕ್ಕದ ಸ್ಟಿಕರ್ ಓದಿ: ಕೈ ಪೂರ್ತಿ ಒಳಗಿದ್ದಾಗ 2 ಟನ್, ಮುಂದಿನದಕ್ಕೆ ಒಂದೂವರೆ, ಆಮೇಲೆ 1, ಪೂರ್ತಿ ಹೊರಗೆಳೆದಾಗ ಅರ್ಧ ಟನ್. ಕಾರಿನ ಎಂಜಿನ್ನಿಗೆ ನೀವು ಬಳಸುವುದು ಹೆಚ್ಚಾಗಿ ಕೊನೆಯ ಎರಡು ರಂಧ್ರ. 1 ಟನ್ನಿನ ಕ್ರೇನಿನಲ್ಲಿ ಕೊನೆಯ ರಂಧ್ರಕ್ಕೆ ಉಳಿಯುವುದು 250 ಕೆಜಿ. ಎತ್ತುವ ಭಾರದ ಎರಡರಷ್ಟು ಸಾಮರ್ಥ್ಯ ನೀವು ಬಳಸುವ ರಂಧ್ರದಲ್ಲೇ ಸಿಗಬೇಕು ಎಂಬ ನಿಯಮ ಇಟ್ಟುಕೊಳ್ಳಿ. 190 ಕೆಜಿ ಡೀಸೆಲ್ ಜೋಡಿಗೆ 380 ಬೇಕು, ಕೊನೆಯ ರಂಧ್ರವೇ ಬೇಕಾದರೆ ಅಲ್ಲಿಗೆ 1 ಟನ್ ಕ್ರೇನ್ ಹೊರಗೆ ಬಿತ್ತು.

ಒಂದೇ ಸಲ ಎಂಜಿನ್ ಇಳಿಸುವವರು ಕ್ರೇನನ್ನು ಬಾಡಿಗೆಗೆ ತರುವುದೇ ಜಾಣತನ. ಉಳಿದ ದುಡ್ಡನ್ನು ಒಳ್ಳೆಯ ಜ್ಯಾಕ್ ಸ್ಟ್ಯಾಂಡಿಗೆ ಹಾಕಿ.

ಹಂತ 4: ಚೈನು, ಶ್ಯಾಕಲ್, ಬೋಲ್ಟು

ಕ್ರೇನ್ ಮುರಿದು ಎಂಜಿನ್ ಬೀಳುವುದಕ್ಕಿಂತ ಕೊಂಡಿ ಕಿತ್ತು ಬೀಳುವುದೇ ಹೆಚ್ಚು.

ಎಂಜಿನ್ನಿನ ಮೇಲೆ ಕಂಪನಿಯೇ ಕೊಟ್ಟ ಎರಡು ಎತ್ತುಕೊಂಡಿಗಳಿರುತ್ತವೆ, ಸಾಮಾನ್ಯವಾಗಿ ಮೂಲೆಯಿಂದ ಮೂಲೆಗೆ ಎದುರುಬದುರಾಗಿ. ಹಿಂದೆ ಯಾರಾದರೂ ಬಿಚ್ಚಿ ಎಸೆದಿದ್ದರೆ 6 ಮಿಮೀ ಪ್ಲೇಟಿನಲ್ಲಿ ಕೊಂಡಿ ಮಾಡಿಸಿ, ಹೆಡ್ಡಿನ ಅಥವಾ ಬ್ಲಾಕಿನ ಗಟ್ಟಿ ರಂಧ್ರಕ್ಕೆ ತಲೆಯ ಮೇಲೆ 8.8 ಅಥವಾ 10.9 ಎಂದು ಅಚ್ಚಾಗಿರುವ ಬೋಲ್ಟ್ ಹಾಕಿ. ಅಂಕಿಯಿಲ್ಲದ ಬೋಲ್ಟ್ ಬೇಡ. ಅಲ್ಯೂಮಿನಿಯಂ ಹೆಡ್ಡಿನಲ್ಲಿ ಬೋಲ್ಟಿನ ದಪ್ಪದ ಎರಡರಷ್ಟು ಉದ್ದ ಥ್ರೆಡ್ ಒಳಗೆ ಹಿಡಿಯಬೇಕು, ಅಂದರೆ 10 ಮಿಮೀ ಬೋಲ್ಟಿಗೆ 20 ಮಿಮೀ. ಕೊಂಡಿಯ ಪ್ಲೇಟು ಮೇಲ್ಮೈಗೆ ಅಂಟಿಕೊಂಡು ಕೂರಲಿ. ಬೋಲ್ಟಿನ ತಲೆಗೂ ಹೆಡ್ಡಿಗೂ ನಡುವೆ ಚೈನು ಸಡಿಲವಾಗಿ ತೂಗಿದರೆ ಬೋಲ್ಟು ಬಾಗುತ್ತದೆ. ಇನ್‌ಟೇಕ್ ಮ್ಯಾನಿಫೋಲ್ಡ್, ಆಲ್ಟರ್ನೇಟರ್ ಬ್ರಾಕೆಟ್, ಪ್ಲಗ್ ರಂಧ್ರ, ಎಕ್ಸಾಸ್ಟ್ ಸ್ಟಡ್ಡು ಇವುಗಳಿಗೆ ಚೈನು ಬೇಡ.

ಚೈನಿನ ಓರೆಯನ್ನು ಗಮನಿಸಿ. ಒಂದೇ ಕೊಕ್ಕೆಯಿಂದ ಎರಡು ಕಾಲು ಇಳಿಬಿಟ್ಟು 200 ಕೆಜಿ ಎತ್ತುವಾಗ, ಪ್ರತಿ ಕಾಲು ಅಡ್ಡರೇಖೆಗೆ 60 ಡಿಗ್ರಿ ಇದ್ದರೆ ಒಂದೊಂದರ ಮೇಲೆ ಸುಮಾರು 115 ಕೆಜಿ. 45 ಡಿಗ್ರಿಗೆ 141. 30 ಡಿಗ್ರಿಗೆ ಚಪ್ಪಟೆಯಾದರೆ ಒಂದೊಂದು ಕಾಲಿಗೂ ಪೂರ್ತಿ 200. ಅಷ್ಟೇ ಅಲ್ಲ, ಚಪ್ಪಟೆ ಚೈನು ಎರಡು ಕೊಂಡಿಗಳನ್ನೂ ಒಳಮುಖವಾಗಿ ಎಳೆದು ಬಗ್ಗಿಸುತ್ತದೆ, ನಡುವಿನ ವಾಲ್ವ್ ಕವರನ್ನು ಒತ್ತಿ ಸೀಳುತ್ತದೆ. ಎತ್ತರ ಸಾಲದು ಎಂದು ಚೈನು ಗಿಡ್ಡ ಮಾಡಿದವರಿಗೆ ಆಗುವುದೇ ಇದು. ಸುಲಭದ ಅಳತೆ: ಎರಡು ಕೊಂಡಿಗಳ ನಡುವಿನ ದೂರಕ್ಕಿಂತ ಚೈನಿನ ಪ್ರತಿ ಕಾಲು ಗಿಡ್ಡವಾಗಿರಬಾರದು. ಅಲ್ಲಿಗೆ 60 ಡಿಗ್ರಿ ಸಿಗುತ್ತದೆ.

ಚೈನು ಗ್ರೇಡ್ 80 (ಭಾರ ಎತ್ತಲೆಂದೇ ಮಾಡಿದ ಗಟ್ಟಿ ಉಕ್ಕಿನದು) ಇರಲಿ, 6 ಮಿಮೀ ಕಾರಿಗೆ ಧಾರಾಳ. ಗೇಟಿಗೆ ಬೀಗ ಹಾಕುವ ಚೈನು, ನೈಲಾನ್ ಹಗ್ಗ, ಹಳೆಯ ಸೀಟ್ ಬೆಲ್ಟು ಬೇಡ. ಪಾಲಿಯೆಸ್ಟರ್ ಸ್ಲಿಂಗ್ ಬೆಲ್ಟು ಆಗುತ್ತದೆ, ನೇರಳೆ ಬಣ್ಣದ್ದು 1 ಟನ್, ಹಸಿರು 2 ಟನ್. ಆದರೆ ಬ್ಲಾಕಿನ ಚೂಪು ಅಂಚಿಗೆ ತಾಗಿದರೆ ಬೆಲ್ಟು ಬ್ಲೇಡಿಗೆ ಸಿಕ್ಕಂತೆ ಕತ್ತರಿಸುತ್ತದೆ. ಚೈನು ಕೊಂಡಿಗೆ ಸೇರುವಲ್ಲಿ ಶ್ಯಾಕಲ್ ಹಾಕಿ, ಪಿನ್ ತಿರುಗದಂತೆ ತಂತಿ ಸುತ್ತಿ.

ಉದ್ದ ಎಂಜಿನ್ನಿಗೆ ಲೋಡ್ ಲೆವೆಲರ್ ಬೇಕೇ ಬೇಕು. ಹಿಡಿ ತಿರುಗಿಸಿದರೆ ಕೊಕ್ಕೆ ಮುಂದೆ ಹಿಂದೆ ಸರಿದು ಎಂಜಿನ್ ಓರೆಯಾಗುತ್ತದೆ. ಅಡ್ಡ ಎಂಜಿನ್ನಿಗೂ ಗೇರ್‌ಬಾಕ್ಸಿನ ಮೂತಿಯನ್ನು ಚಾಸಿಸ್ ಪಟ್ಟಿಯಿಂದ ಬಿಡಿಸಲು ಉಪಯೋಗ.

ಕೊಕ್ಕೆಗೂ ಲೆವೆಲರಿಗೂ ನಡುವೆ 500 ಕೆಜಿ ಸಾಮರ್ಥ್ಯದ ಡಿಜಿಟಲ್ ತೂಗುತಕ್ಕಡಿ ಸೇರಿಸಲು ಎತ್ತರ ಉಳಿದಿದ್ದರೆ ಸೇರಿಸಿ. ಎಂಜಿನ್ 150 ಕೆಜಿ ಇರಬೇಕಾದಲ್ಲಿ ತಕ್ಕಡಿ 210 ತೋರಿಸಿದರೆ ಎಲ್ಲೋ ಒಂದು ಬೋಲ್ಟು, ಒಂದು ಅರ್ಥಿಂಗ್ ಪಟ್ಟಿ, ಒಂದು ಹೋಸು ಇನ್ನೂ ಗಾಡಿಗೆ ಅಂಟಿಕೊಂಡಿದೆ. ಕಣ್ಣಿಗೆ ಕಾಣುವ ಮೊದಲೇ ಅದು ಹೇಳುತ್ತದೆ.

ಹಂತ 5: ಜ್ಯಾಕ್ ಸ್ಟ್ಯಾಂಡ್

ಜ್ಯಾಕ್ ಇರುವುದು ಎತ್ತಲು, ಹಿಡಿದು ನಿಲ್ಲಿಸಲು ಅಲ್ಲ. ಒಳಗಿನ ಒಂದು ರಬ್ಬರ್ ಸೀಲು ಜಾರಿದರೆ ಗಾಡಿ ಕೆಳಗೆ ಬರುತ್ತದೆ. ಕೆಳಗೆ ತಲೆ ಹಾಕುವ ಮೊದಲು ಸ್ಟ್ಯಾಂಡ್ ಇರಲೇಬೇಕು.

‘3 ಟನ್’ ಎಂಬುದು ಒಂದು ಸ್ಟ್ಯಾಂಡಿಗೋ ಎರಡಕ್ಕೂ ಸೇರಿಯೋ ಎಂದು ಲೇಬಲ್ಲಿನಲ್ಲಿ ಓದಿ, ತಯಾರಕರು ಎರಡು ರೀತಿಯಲ್ಲೂ ಬರೆಯುತ್ತಾರೆ. ಹಲ್ಲಿನ ರ್‍ಯಾಚೆಟ್ ಬಗೆಗಿಂತ ದಪ್ಪ ಪಿನ್ ತೂರಿಸುವ ಬಗೆ ನಮ್ಮ ಆಯ್ಕೆ. ಅಮೆರಿಕದಲ್ಲಿ 2020ರಲ್ಲಿ ಲಕ್ಷಗಟ್ಟಲೆ ರ್‍ಯಾಚೆಟ್ ಸ್ಟ್ಯಾಂಡುಗಳನ್ನು ವಾಪಸ್ ಪಡೆದದ್ದು ಇದೇ ಹಲ್ಲು ಸರಿಯಾಗಿ ಕಚ್ಚದೆ ಜಾರುತ್ತಿದ್ದ ಕಾರಣಕ್ಕೆ. ರ್‍ಯಾಚೆಟ್ ಬಗೆಯೇ ಸಿಕ್ಕಿದರೆ ಹೆಚ್ಚುವರಿ ಲಾಕ್ ಪಿನ್ ಇರುವುದನ್ನು ಕೊಳ್ಳಿ.

ಸ್ಟ್ಯಾಂಡನ್ನು ಮ್ಯಾನ್ಯುವಲ್ ತೋರಿಸಿದ ಜಾಗದಲ್ಲೇ ಇಡಿ. ಫ್ಲೋರಿನ ಬರೀ ಶೀಟಿಗೆ, ಸಂಪಿಗೆ, ಬಿಚ್ಚಬೇಕಾದ ಕ್ರಾಸ್‌ಮೆಂಬರಿಗೆ ಇಡಬೇಡಿ. ಗಾಡಿ ಸ್ಟ್ಯಾಂಡಿನ ಮೇಲಿರುವಾಗಲೇ ಎಂಜಿನ್ ಎತ್ತುವುದಾದರೆ ಕ್ರೇನಿನ ಕಾಲು ಎರಡು ಸ್ಟ್ಯಾಂಡುಗಳ ನಡುವೆ ತೂರಬೇಕೆಂಬುದು ನೆನಪಿರಲಿ, ಖಾಲಿ ಕ್ರೇನನ್ನು ಒಮ್ಮೆ ತಳ್ಳಿ ನೋಡಿ. ಹಿಂದಿನ ಚಕ್ರಗಳಿಗೆ ಎರಡೂ ಬದಿ ಚೋಕ್ ಕೊಡಿ.

ಹಾಲೋ ಬ್ಲಾಕು, ಇಟ್ಟಿಗೆ, ಸೈಜು ಕಲ್ಲು ಬೇಡವೇ ಬೇಡ. ಇವು ಬಾಗುವುದಿಲ್ಲ, ಕಿರುಗುಟ್ಟುವುದಿಲ್ಲ, ಯಾವ ಸೂಚನೆಯನ್ನೂ ಕೊಡದೆ ಪುಡಿಯಾಗುತ್ತವೆ. ಬಿಚ್ಚಿದ ಚಕ್ರವನ್ನು ಸಿಲ್ಲಿನ (ಬಾಗಿಲಿನ ಕೆಳಗಿನ ಬಾಡಿ ಪಟ್ಟಿಯ) ಅಡಿ ಮಲಗಿಸಿಡಿ. ಸ್ಟ್ಯಾಂಡ್ ಜಾರಿದರೂ ಒಬ್ಬ ಮನುಷ್ಯ ಉಸಿರಾಡುವಷ್ಟು ಜಾಗ ಉಳಿಯುತ್ತದೆ.

ಹಂತ 6: ಎಂಜಿನ್ ಮುಟ್ಟುವ ಮೊದಲು ಕ್ರೇನಿನ ಪರೀಕ್ಷೆ

200 ಲೀಟರ್ ಡ್ರಮ್ಮಿಗೆ ನೀರು ತುಂಬಿದರೆ 200 ಕೆಜಿ. ಅಥವಾ ಮರದ ಪ್ಯಾಲೆಟ್ಟಿನ ಮೇಲೆ 50 ಕೆಜಿಯ ಸಿಮೆಂಟ್ ಮೂಟೆ ನಾಲ್ಕು. ನೀವು ಬಳಸುವ ರಂಧ್ರದಲ್ಲೇ ಕೈಯನ್ನು ಪಿನ್ ಮಾಡಿ ನೆಲದಿಂದ ಒಂದು ಅಡಿ ಎತ್ತಿ. ಜ್ಯಾಕಿನ ಹೊಳೆಯುವ ದಂಡದ ಮೇಲೆ ಮಾರ್ಕರಿನಿಂದ ಗೆರೆ ಎಳೆದು ಅರ್ಧ ಗಂಟೆ ಬಿಡಿ. ಗೆರೆ ಒಳಗೆ ಸರಿದಿದ್ದರೆ ಸೀಲು ಹೋಗಿದೆ, ಕ್ರೇನನ್ನು ವಾಪಸ್ ಕಳಿಸಿ.

ಇಳಿಸುವ ವಾಲ್ವನ್ನು ಕೂದಲೆಳೆಯಷ್ಟು ತಿರುಗಿಸುವುದನ್ನು ಈ ಡ್ರಮ್ಮಿನ ಮೇಲೇ ಅಭ್ಯಾಸ ಮಾಡಿಕೊಳ್ಳಿ. ಕೆಲವು ಜ್ಯಾಕುಗಳಲ್ಲಿ ಕಾಲು ಸುತ್ತಿಗೇ ಭಾರ ದೊಪ್ಪನೆ ಇಳಿಯುತ್ತದೆ. ಎಂಜಿನ್ ಮೌಂಟಿನ (ಎಂಜಿನ್ನನ್ನು ಗಾಡಿಗೆ ಹಿಡಿಸುವ ಆಸರೆಯ) ಮೇಲೆ ಇದನ್ನು ಕಲಿಯಬಾರದು.

ಹಂತ 7: ಎತ್ತುವ ಕ್ರಮ

ಬ್ಯಾಟರಿಯ ನೆಗೆಟಿವ್ ಬಿಚ್ಚಿದೆ, ಎಣ್ಣೆ, ಕೂಲಂಟ್ ಖಾಲಿಯಾಗಿದೆ, ಎಸಿ ಗ್ಯಾಸನ್ನು ಯಂತ್ರವಿರುವವರಿಂದ ತೆಗೆಸಿದೆ, ಕೆಳಗಿನ ಕೆಲಸ ಮುಗಿದಿದೆ ಎಂದಿಟ್ಟುಕೊಳ್ಳಿ. ಮೌಂಟ್ ಬೋಲ್ಟುಗಳು ಮಾತ್ರ ಉಳಿದಿವೆ.

ಮೊದಲು ಚೈನು ಬಿಗಿಯಾಗುವಷ್ಟು ಮಾತ್ರ ಪಂಪು ಮಾಡಿ, ಎಂಜಿನ್ ಭಾರ ಮೌಂಟಿನಿಂದ ಕ್ರೇನಿಗೆ ವರ್ಗವಾಗಲಿ. ಬೋಲ್ಟು ಕೈಯಲ್ಲಿ ತಿರುಗುವಷ್ಟು ಸಡಿಲವಾದರೆ ಭಾರ ಸರಿಯಾಗಿದೆ ಎಂದರ್ಥ. ಬಿಗಿಯಾಗಿ ಕಚ್ಚಿಕೊಂಡಿದ್ದರೆ ಎತ್ತಿದ್ದು ಹೆಚ್ಚಾಯಿತು ಅಥವಾ ಕಡಿಮೆಯಾಯಿತು, ಸುತ್ತಿಗೆಯಿಂದ ಹೊಡೆಯುವ ಬದಲು ಎತ್ತರ ಸರಿಪಡಿಸಿ.

ಗೇರ್‌ಬಾಕ್ಸನ್ನು ಗಾಡಿಯಲ್ಲೇ ಬಿಡುವುದಾದರೆ ಅದರಡಿ ಟ್ರಾಲಿ ಜ್ಯಾಕಿನ ಮೇಲೆ ಮರದ ತುಂಡು ಇಟ್ಟು ಆಸರೆ ಕೊಡಿ. ಎಂಜಿನ್ ನೇರವಾಗಿ ಮುಂದಕ್ಕೆ ಸರಿದು, ಗೇರ್‌ಬಾಕ್ಸಿನಿಂದ ಕ್ಲಚ್ಚಿನೊಳಗೆ ಹೋಗುವ ಇನ್‌ಪುಟ್ ಶಾಫ್ಟ್ ಪೂರ್ತಿ ಕಳಚಿದ ಮೇಲೆಯೇ ಮೇಲೇರಬೇಕು. ಅರ್ಧ ಕಳಚಿದಾಗ ಏರಿಸಿದರೆ ಎಂಜಿನ್ ಭಾರವೆಲ್ಲ ಆ ಶಾಫ್ಟಿನ ಮೇಲೆ ಬಿದ್ದು ಕ್ಲಚ್ ಪ್ಲೇಟಿನ ನಡುಭಾಗ ಸೊಟ್ಟಗಾಗುತ್ತದೆ. ಜೋಡಿಸಿದ ಮೇಲೆ ಕ್ಲಚ್ ನಡುಗಿದಾಗ ಅದರ ಕಾರಣ ಇಲ್ಲಿರುತ್ತದೆ.

ಈಗ ಐದು ಸೆಂಮೀ ಎತ್ತಿ, ನಿಲ್ಲಿಸಿ, ಸುತ್ತ ನೋಡಿ. ಮತ್ತೆ ಐದು. ಇಬ್ಬರಿರಬೇಕು: ಒಬ್ಬರು ಪಂಪಿನ ಹತ್ತಿರ, ಒಬ್ಬರು ಎಂಜಿನ್ ತಿರುಗಿಸಲು. ‘ನಿಲ್ಲು’ ಅನ್ನುವ ಅಧಿಕಾರ ಇಬ್ಬರಿಗೂ ಇರಲಿ. ಈ ಲಕ್ಷಣ ಕಂಡರೆ ತಕ್ಷಣ ಪಂಪು ನಿಲ್ಲಿಸಿ:

- ಎಂಜಿನ್ ಜೊತೆ ಗಾಡಿಯ ಮೂತಿಯೂ ನಿರೀಕ್ಷೆಗಿಂತ ಮೇಲೇಳುತ್ತಿದೆ. ಏನೋ ಇನ್ನೂ ಅಂಟಿಕೊಂಡಿದೆ.
- ಕ್ರೇನಿನ ಹಿಂದಿನ ಚಕ್ರ ನೆಲ ಬಿಡುತ್ತಿದೆ.
- ಚೈನು ‘ಟಿಕ್’ ಎಂದು ಕೊಂಡಿಯಲ್ಲಿ ಸರಿಯಿತು.
- ಯಾವುದಾದರೂ ವೈರು ತಂತಿವಾದ್ಯದಂತೆ ಬಿಗಿಯಾಗಿದೆ. ಹಿಂಬದಿಯ ಅರ್ಥಿಂಗ್ ಪಟ್ಟಿ, ನಾಕ್ ಸೆನ್ಸರ್ ವೈರು ಎಲ್ಲರೂ ಮರೆಯುವ ಜೋಡಿ.

ಅಡ್ಡಪಟ್ಟಿ ದಾಟಿದ ಕೂಡಲೇ ಕ್ರೇನ್ ಹಿಂದಕ್ಕೆಳೆದು, ಎಂಜಿನ್ ಗಾಡಿಯಿಂದ ಹೊರಬಂದದ್ದೇ ನೆಲದಿಂದ ಒಂದು ಗೇಣಿಗೆ ಇಳಿಸಿ. ಆಮೇಲೆ ಬೇಕಾದಲ್ಲಿಗೆ ತಳ್ಳಿ. ಎತ್ತರದಲ್ಲಿ ತೂಗುಬಿಟ್ಟು ಶೆಡ್ಡಿನ ತುಂಬ ಓಡಾಡಿಸಬೇಡಿ.

ಎಂಜಿನ್ ಹೋದ ಮೇಲೆ ಗಾಡಿಯ ಮುಂಭಾಗ ನೂರೈವತ್ತು ಇನ್ನೂರು ಕೆಜಿ ಹಗುರವಾಗುತ್ತದೆ, ಸ್ಪ್ರಿಂಗು ಮೇಲೇಳುತ್ತದೆ. ಕೆಳಗಿನ ಕೆಲಸಕ್ಕೆಂದು ಮತ್ತೆ ಏರಿಸುವಾಗ ಹಳೆಯ ಅಂದಾಜು ನಡೆಯದು. ಭಾರವೀಗ ಹಿಂದಕ್ಕೆ ವಾಲಿದೆ.

ಹಂತ 8: ಎಂಜಿನ್ ಸ್ಟ್ಯಾಂಡ್ ಆರಿಸಿ ಏರಿಸುವುದು

ಮೂರು ಚಕ್ರದ ಅಗ್ಗದ ಸ್ಟ್ಯಾಂಡ್ ನಿಂತಲ್ಲಿ ನಿಲ್ಲುತ್ತದೆ, ತಳ್ಳಿದರೆ ಪಕ್ಕಕ್ಕೆ ಮಗುಚುತ್ತದೆ. ಮುಂದೆ ಎರಡು ಚಕ್ರ ಅಗಲವಾಗಿರುವ, 450 ಕೆಜಿ ಸಾಮರ್ಥ್ಯದ ನಾಲ್ಕು ಚಕ್ರದ್ದೇ ತೆಗೆದುಕೊಳ್ಳಿ. ಎಂಜಿನ್ ಇಲ್ಲಿ ಹಿಂಬದಿಯಿಂದ ಮಾತ್ರ ಹಿಡಿಸಿಕೊಂಡು ಮುಂದಕ್ಕೆ ಚಾಚಿ ನಿಂತಿರುತ್ತದೆ, ಅದಕ್ಕೇ ಧಾರಾಳ ಸಾಮರ್ಥ್ಯ ಬೇಕು. ಕೊಳ್ಳುವಾಗ ಇನ್ನೊಂದು ಅಳತೆ: ಸ್ಟ್ಯಾಂಡಿನ ಬುಡ ಕ್ರೇನಿನ ಎರಡು ಕಾಲುಗಳ ನಡುವೆ ತೂರುತ್ತದೆಯೇ? ಇಲ್ಲವಾದರೆ ಎಂಜಿನ್ ಒಂದರಲ್ಲಿ, ಸ್ಟ್ಯಾಂಡ್ ಇನ್ನೊಂದು ಕಡೆ, ಎರಡೂ ಸೇರುವುದೇ ಇಲ್ಲ.

ಸ್ಟ್ಯಾಂಡಿನ ನಾಲ್ಕು ಕೈಗಳು ಬೆಲ್ ಹೌಸಿಂಗ್ ರಂಧ್ರಗಳಿಗೆ, ಅಂದರೆ ಎಂಜಿನ್ನಿಗೆ ಗೇರ್‌ಬಾಕ್ಸ್ ಸೇರುವ ರಂಧ್ರಗಳಿಗೆ, ಹೋಗುತ್ತವೆ. ಹಾಗಾಗಿ ಗೇರ್‌ಬಾಕ್ಸ್, ಕ್ಲಚ್, ಫ್ಲೈವ್ಹೀಲ್ ಮೂರನ್ನೂ ಎಂಜಿನ್ ಕ್ರೇನಿನಲ್ಲಿ ತೂಗುತ್ತಿರುವಾಗಲೇ, ನೆಲಕ್ಕೆ ಹತ್ತಿರ ಇಳಿಸಿಕೊಂಡು, ಬಿಚ್ಚಬೇಕು. ಹಿಂದಿನ ಕ್ರ್ಯಾಂಕ್ ಸೀಲ್ ಬದಲಿಸುವುದಿದ್ದರೆ ಅದನ್ನೂ ಈಗಲೇ ಮುಗಿಸಿ, ಸ್ಟ್ಯಾಂಡಿಗೇರಿದ ಮೇಲೆ ಅಲ್ಲಿಗೆ ಕೈ ಹೋಗದು. ಸಂಪಿನ ಮೇಲೆ ಎಂಜಿನ್ ಕೂರಿಸಬೇಡಿ. ಶೀಟಿನ ಸಂಪು ಒಳಗೆ ನೆಗ್ಗಿದರೆ ಎಣ್ಣೆ ಹೀರುವ ಜಾಲರಿಗೆ ತಾಗಿ, ಎಂಜಿನ್ ಮತ್ತೆ ಓಡುವಾಗ ಬೇರಿಂಗಿಗೆ ಎಣ್ಣೆ ಸಾಲದಾಗುತ್ತದೆ. ಸ್ವಲ್ಪ ಹೊತ್ತು ಇಳಿಸಲೇಬೇಕಾದರೆ ಬ್ಲಾಕಿನ ಅಂಚಿನಡಿ ಮರದ ತುಂಡು ಕೊಡಿ, ಚೈನು ಬಿಗಿಯಾಗಿಯೇ ಇರಲಿ.

ಬೋಲ್ಟಿನ ಉದ್ದವನ್ನು ಲೆಕ್ಕ ಹಾಕಿ ಕೊಳ್ಳಿ. ಸ್ಟ್ಯಾಂಡಿನ ಕೈಯ ಕೊಳವೆ 65 ಮಿಮೀ, ವಾಷರ್ 2.5, ಒಳಗೆ ಹಿಡಿಯಬೇಕಾದದ್ದು 20. ಒಟ್ಟು 87.5. ಅಂಗಡಿಯಲ್ಲಿ ಸಿಗುವುದು 90 ಮಿಮೀ. ಅಂದರೆ 22.5 ಮಿಮೀ ಒಳಹೋಗುತ್ತದೆ. ರಂಧ್ರ ಆಚೆ ತೆರೆದಿಲ್ಲದಿದ್ದರೆ ಒಂದು ಕಡ್ಡಿ ಇಳಿಸಿ ಆಳ ನೋಡಿ. ಆಳ 20 ಇದ್ದರೆ ಬೋಲ್ಟು ತಳಕ್ಕೆ ಬಡಿದು ಬಿಗಿಯಾದಂತೆ ಅನಿಸುತ್ತದೆ, ಕೈ ಮಾತ್ರ ಸಡಿಲವಾಗಿಯೇ ಇರುತ್ತದೆ. ಅಂಥಲ್ಲಿ ಬೋಲ್ಟು ತಳ ಮುಟ್ಟದಷ್ಟು ವಾಷರ್ ಸೇರಿಸಿ. 10 ಮಿಮೀ ಬೋಲ್ಟಿನಲ್ಲಿ 1.25 ಮತ್ತು 1.5 ಎಂಬ ಎರಡು ಪಿಚ್ (ಥ್ರೆಡ್ಡಿನ ಸುತ್ತುಗಳ ನಡುವಿನ ಅಂತರ) ಸಿಗುತ್ತವೆ. ಗೇರ್‌ಬಾಕ್ಸಿನಿಂದ ಬಿಚ್ಚಿದ ಬೋಲ್ಟನ್ನೇ ಮಾದರಿಗೆ ಒಯ್ಯಿರಿ. ಬೆಂಗಳೂರಿನವರಿಗೆ ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಗಳಿವೆ. ಬೇರೆಡೆ ಒಳ್ಳೆಯ ನಟ್ಟು-ಬೋಲ್ಟ್ ಅಂಗಡಿಯಲ್ಲಿ 10.9 ಎಂದು ಕೇಳಿ.

ತಿರುಗುವ ಅಕ್ಷ ಎಂಜಿನ್ನಿನ ಭಾರಕೇಂದ್ರದ ಹತ್ತಿರ ಬರುವಂತೆ ಕೈಗಳನ್ನು ಹೊಂದಿಸಿ. ಅದು ಸಾಮಾನ್ಯವಾಗಿ ಕ್ರ್ಯಾಂಕಿಗಿಂತ ಸ್ವಲ್ಪ ಮೇಲಿರುತ್ತದೆ. ತೀರಾ ತಪ್ಪಿದರೆ ಲಾಕ್ ಪಿನ್ ಎಳೆದ ಕ್ಷಣ ಎಂಜಿನ್ ತಾನೇ ಗಿರ್ರನೆ ತಿರುಗಿ ಹಿಡಿಯಿಂದ ಮಣಿಕಟ್ಟಿಗೆ ಹೊಡೆಯುತ್ತದೆ. ಪಿನ್ ಎಳೆಯುವ ಮೊದಲು ಯಾವಾಗಲೂ ಹಿಡಿಯ ಮೇಲೆ ಭಾರ ಹಾಕಿ ನಿಲ್ಲಿ.

ನಾಲ್ಕೂ ಬೋಲ್ಟ್ ಬಿಗಿದ ಮೇಲೆ ಕ್ರೇನನ್ನು ಸ್ವಲ್ಪಸ್ವಲ್ಪವೇ ಇಳಿಸಿ, ಸ್ಟ್ಯಾಂಡಿನ ಕಂಬ ಎಷ್ಟು ಬಾಗುತ್ತದೆ ನೋಡಿ. ಒಂದಿಷ್ಟು ಬಾಗುವುದು ಸಹಜ. ಭಾರ ಪೂರ್ತಿ ಬಿದ್ದ ಮೇಲೂ ನಿಧಾನವಾಗಿ ಬಾಗುತ್ತಲೇ ಇದ್ದರೆ, ಅಥವಾ ವೆಲ್ಡಿನ ಬಳಿ ಬಣ್ಣ ಬಿರುಕು ಬಿಟ್ಟರೆ, ಮತ್ತೆ ಕ್ರೇನಿಗೆ ಎತ್ತಿಕೊಳ್ಳಿ. ಹತ್ತು ನಿಮಿಷ ಚೈನು ಸಡಿಲವಾಗಿ ಕೊಕ್ಕೆಯಲ್ಲೇ ಇರಲಿ, ಆಮೇಲೆ ಕಳಚಿ.

ಚೈನು ಕಳಚುವ ಮೊದಲು ಯಾವ ಕೊಂಡಿಗೆ ಎಷ್ಟನೇ ಬಳೆ ಸೇರಿಸಿದ್ದೀರಿ, ಲೆವೆಲರಿನ ಹಿಡಿ ಒಂದು ತುದಿಯಿಂದ ಎಷ್ಟು ಸುತ್ತು ಬಂದಿದೆ ಎಂದು ಬರೆದಿಟ್ಟು ಫೋಟೊ ತೆಗೆದುಕೊಳ್ಳಿ. ತಿಂಗಳ ನಂತರ ಎಂಜಿನ್ ವಾಪಸ್ ಕೂರಿಸುವಾಗ ಅದೇ ಓರೆ ಬೇಕು.